ಮೊದಲ ರಿವರ್ ಕ್ರೂಸ್: ಹಡಗು ಆಮೇಲೆ, ನೀರು ಮೊದಲು

ಹಡಗಿನಲ್ಲೇ ತಂಗಿ ನದಿಯುದ್ದಕ್ಕೂ ಊರೂರು ನೋಡುವ ರಿವರ್ ಕ್ರೂಸ್ ವಿಚಾರಿಸಿಕೊಂಡು ಬರುವವರು ಹಾಸನ, ಚಿಕ್ಕಮಗಳೂರು ಕಡೆ ಈಗ ಕಡಿಮೆಯೇನಿಲ್ಲ. ಕಾಫಿ ತೋಟದವರು, ನಿವೃತ್ತ ಅಧ್ಯಾಪಕರು, ಬ್ಯಾಂಕಿನಿಂದ ನಿವೃತ್ತರಾದವರು, ಮಗನೋ ಮಗಳೋ ಜರ್ಮನಿಯಲ್ಲಿರುವ ತಂದೆತಾಯಿ. ಹಡಗು ಯಾವುದು, ರೂಮು ಹೇಗಿದೆ, ಎಷ್ಟಾಗುತ್ತದೆ ಎಂದು ಕೇಳುತ್ತಾರೆ. ಮೂರೂ ಕೇಳಲೇಬೇಕಾದವು. ಆದರೆ ಇವಕ್ಕೂ ಮುಂಚೆ ಕೇಳಬೇಕಾದದ್ದು ಒಂದಿದೆ: ನಿಮಗೆ ಬಿಡುವಿರುವ ತಿಂಗಳಲ್ಲಿ ಆ ನದಿಯ ನೀರು ಹೇಗಿರುತ್ತದೆ?

ಸಮುದ್ರದ ಹಡಗಿನವರಿಗೆ ಈ ಚಿಂತೆ ಇಲ್ಲ. ನದಿಯಲ್ಲಿ ನೀರು ಇಳಿದರೆ ಹಡಗಿನ ತಳ ನೆಲಕ್ಕೆ ತಾಗುತ್ತದೆ, ಏರಿದರೆ ಸೇತುವೆಯ ಕೆಳಗೆ ನುಸುಳಲು ಜಾಗ ಸಾಲದು. ಆಗ ಯಾವ ಕಂಪನಿಯಾದರೂ ಮಾಡುವುದು ಎರಡರಲ್ಲಿ ಒಂದನ್ನು. ಅಡ್ಡಿಯಿರುವ ಜಾಗದವರೆಗೆ ಹಡಗಿನಲ್ಲಿ ಹೋಗಿ, ಬಸ್ಸಿನಲ್ಲಿ ದಾಟಿಸಿ, ಆಚೆ ನಿಂತಿರುವ ಅದೇ ಮಾದರಿಯ ಇನ್ನೊಂದು ಹಡಗಿಗೆ ಹತ್ತಿಸುತ್ತಾರೆ. ಅದೂ ಆಗದಿದ್ದರೆ ಹಡಗನ್ನು ಒಂದೇ ಕಡೆ ಹೋಟೆಲಿನಂತೆ ನಿಲ್ಲಿಸಿ, ದಿನಾ ಬಸ್ಸಿನಲ್ಲಿ ಊರು ತೋರಿಸುತ್ತಾರೆ. ಮಾರ್ಗ ಬದಲಿಸುವ ಹಕ್ಕು ತಮಗಿದೆ ಎಂದು ಬುಕಿಂಗ್ ಷರತ್ತಿನಲ್ಲೇ ಬರೆದಿರುತ್ತಾರೆ, ಹಾಗಾಗಿ ಹಣ ವಾಪಸ್ ಕೇಳಲು ದಾರಿ ಕಡಿಮೆ. ಬುಕ್ ಮಾಡುವ ಮುಂಚೆ ಆ ಒಂದು ಷರತ್ತನ್ನಾದರೂ ಪೂರ್ತಿ ಓದಿಸಿಕೊಳ್ಳಿ.

ತೋಟದವರಿಗೆ ಇನ್ನೊಂದು ಕ್ಯಾಲೆಂಡರ್ ಇದೆ. ನವೆಂಬರ್‌ನಿಂದ ಜನವರಿವರೆಗೆ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ ಮತ್ತು ಮೆಣಸು. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆಗೆ ಕಾಯುವುದು, ಇಲ್ಲದಿದ್ದರೆ ಸ್ಪ್ರಿಂಕ್ಲರ್. ಮುಂಗಾರಿಗೆ ಮುಂಚೆ ಬೋರ್ಡೋ ದ್ರಾವಣದ ಸಿಂಪಡಣೆ. ಇದರ ಮೇಲೆ ನದಿಗಳ ಸೀಸನ್ ಇಟ್ಟು ನೋಡಿದರೆ ಅರ್ಧ ಆಯ್ಕೆ ತಾನೇ ಆಗಿಹೋಗುತ್ತದೆ. ನೈಲ್ ನದಿಗೆ ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಏಪ್ರಿಲ್, ಬ್ರಹ್ಮಪುತ್ರಕ್ಕೂ ಹೆಚ್ಚುಕಡಿಮೆ ಅದೇ. ಕಣದಲ್ಲಿ ಕಾಫಿ ಹರಡಿಕೊಂಡು ಆ ಕಡೆ ಹೊರಡುವುದು ಕಷ್ಟ. ಯುರೋಪಿನ ನದಿಗಳು ಮಾರ್ಚ್ ಕೊನೆಯಿಂದ ಅಕ್ಟೋಬರ್‌ವರೆಗೆ ನಡೆಯುತ್ತವೆ. ಕ್ರಿಸ್‌ಮಸ್ ಸಂತೆಗಳ ಕ್ರೂಸ್ ನವೆಂಬರ್ ಕೊನೆ ಮತ್ತು ಡಿಸೆಂಬರ್‌ನಲ್ಲಿ, ಅದು ಕೊಯ್ಲಿನ ನಡುವೆಯೇ ಬೀಳುತ್ತದೆ. ಬೆಳೆಗಾರರಿಗೆ ಹೊಂದುವ ಸಮಯ ಎರಡು: ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ, ಇಲ್ಲವೇ ಸೆಪ್ಟೆಂಬರ್. ಮಳೆಗಾಲದ ಜುಲೈ, ಆಗಸ್ಟ್‌ನಲ್ಲೂ ಹೋಗಬಹುದು. ಆದರೆ ಆಗ ಯುರೋಪಿನಲ್ಲಿ ಸೆಕೆ, ಜನಜಂಗುಳಿ ಎರಡೂ ಹೆಚ್ಚು.

ವಸಂತದಲ್ಲಿ ಆಲ್ಪ್ಸ್ ಹಿಮ ಕರಗಿ, ಮಳೆಯೂ ಸೇರಿದರೆ ನೀರು ಏರುವ ಅಪಾಯ. ಬೇಸಿಗೆ ಕೊನೆಗೆ ಇಳಿಯುವ ಅಪಾಯ. ರೈನ್ ನದಿಯಲ್ಲಿ 2018ರಲ್ಲೂ 2022ರಲ್ಲೂ ನೀರು ತೀರಾ ಇಳಿದಿತ್ತು. 2022ರ ಆಗಸ್ಟ್‌ನಲ್ಲಿ ಕೌಬ್ ಎಂಬ ಊರಿನ ಮಾಪಕ ಸುಮಾರು 30 ಸೆಂ.ಮೀ.ಗೆ ಬಂದಿತ್ತು. ಅಷ್ಟೇ ನೀರಿತ್ತೇ ಎಂದು ಗಾಬರಿಯಾಗಬೇಡಿ. ಹೇಮಾವತಿ ಜಲಾಶಯ ತುಂಬಿದಾಗ 2922 ಅಡಿ ಎಂದು ಪತ್ರಿಕೆಯಲ್ಲಿ ಬರುತ್ತದಲ್ಲ, ಅದು ಹೇಗೆ ನೀರಿನ ಆಳವಲ್ಲವೋ ಇದೂ ಹಾಗೆಯೇ. ಕೌಬ್‌ನಲ್ಲಿ ನದಿಯೊಳಗೆ ಹಡಗು ಸಾಗುವ ದಾರಿಯ ಆಳ ಮಾಪಕದ ಅಂಕಿಗಿಂತ ಒಂದು ಮೀಟರಿಗೂ ಹೆಚ್ಚು. ಆದರೂ ಒಂದೂವರೆ ಮೀಟರ್ ಆಸುಪಾಸು ನೀರು ಬೇಡುವ ಹಡಗಿಗೆ ಅದು ಸಾಲದು. ಜರ್ಮನ್ ಜಲಮಾರ್ಗ ಇಲಾಖೆಯ ಪೆಗೆಲ್‌ಆನ್‌ಲೈನ್ ಜಾಲತಾಣದಲ್ಲಿ ಈ ಮಟ್ಟಗಳನ್ನು ಯಾರು ಬೇಕಾದರೂ ನೋಡಬಹುದು. ಹೊರಡುವ ಎರಡು ವಾರ ಮುಂಚಿನಿಂದ ದಿನಾ ನೋಡಿ. ಒಂದು ದಿನದ ಅಂಕಿಗಿಂತ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯ.

ಮೊದಲ ಸಲಕ್ಕೆ ನಾವು ಹೇಳುವ ಮಾರ್ಗ ಡ್ಯಾನ್ಯೂಬ್‌ನಲ್ಲಿ ಪಸ್ಸಾವ್‌ನಿಂದ ಬುಡಾಪೆಸ್ಟ್, ಏಳು ರಾತ್ರಿ. ಮೆಲ್ಕ್, ಡ್ಯೂರ್ನ್‌ಸ್ಟೈನ್, ವಿಯೆನ್ನಾ, ಬ್ರಾಟಿಸ್ಲಾವಾ ದಾರಿಯಲ್ಲೇ ಬರುತ್ತವೆ. ಈ ಸಲಹೆಗೆ ಕಾರಣ ನೀರು. ಜರ್ಮನಿಯ ಷ್ಟ್ರೌಬಿಂಗ್‌ನಿಂದ ಫಿಲ್ಸ್‌ಹೋಫೆನ್‌ವರೆಗಿನ ಸುಮಾರು 70 ಕಿ.ಮೀ.ನಲ್ಲಿ ಡ್ಯಾನ್ಯೂಬ್‌ಗೆ ಅಣೆಕಟ್ಟು ಇಲ್ಲ. ನೀರು ಇಳಿದಾಗ ಹಡಗುಗಳು ಮೊದಲು ಸಿಕ್ಕಿಬೀಳುವುದು ಅಲ್ಲೇ. ನ್ಯೂರೆಂಬರ್ಗ್‌ನಿಂದ ಹೊರಡುವ ಕ್ರೂಸ್ ಅದನ್ನು ದಾಟಲೇಬೇಕು, ಪಸ್ಸಾವ್ ಅದರ ಕೆಳಗಿದೆ. ಪಸ್ಸಾವ್‌ನಿಂದ ವಿಯೆನ್ನಾ ದಾಟುವಷ್ಟರಲ್ಲಿ ಹತ್ತು ವಿದ್ಯುತ್ ಅಣೆಕಟ್ಟುಗಳು ಲಾಕ್‌ಗಳೊಂದಿಗೆ (ಹಡಗನ್ನು ಏರಿಸಿ ಇಳಿಸುವ, ಗೇಟು ಇರುವ ನೀರಿನ ತೊಟ್ಟಿಗಳು) ನೀರನ್ನು ಹಿಡಿದಿಡುತ್ತವೆ. ಆಸ್ಟ್ರಿಯಾದಲ್ಲಿ ವಾಖಾವ್ ಕಣಿವೆ, ವಿಯೆನ್ನಾದಿಂದ ಬ್ರಾಟಿಸ್ಲಾವಾ ಕಡೆಯ ತುಣುಕು ಮಾತ್ರ ಸ್ವತಂತ್ರವಾಗಿ ಹರಿಯುತ್ತವೆ. ಅಂದಮಾತ್ರಕ್ಕೆ ಅಡ್ಡಿಯೇ ಇಲ್ಲ ಎನ್ನಲಾಗದು: 2013ರ ಜೂನ್‌ನಲ್ಲಿ ಪಸ್ಸಾವ್ ಮುಳುಗಿತ್ತು, 2024ರ ಸೆಪ್ಟೆಂಬರ್ ಪ್ರವಾಹದಲ್ಲಿ ಆಸ್ಟ್ರಿಯಾದ ಡ್ಯಾನ್ಯೂಬ್‌ನಲ್ಲಿ ಹಡಗು ಸಂಚಾರ ನಿಂತಿತ್ತು.

ವಿದೇಶವೇ ಬೇಡ ಎನ್ನುವವರಿಗೆ ದಸರಾ ಮುಗಿದ ಮೇಲೆ, ಕೊಯ್ಲು ಶುರುವಾಗುವ ಮುಂಚೆ, ಹೂಗ್ಲಿ ನದಿಯಲ್ಲಿ ಕೋಲ್ಕತ್ತಾದಿಂದ ಮುರ್ಷಿದಾಬಾದ್ ಕಡೆಯ ಪಯಣ ತುಂಬ ಚೆನ್ನ. ಕಾಲ್ನಾದ 108 ಶಿವಾಲಯಗಳು ಎರಡು ವೃತ್ತಗಳಲ್ಲಿ ನಿಂತಿವೆ. ಆ ಊರಿನ ಇತರ ದೇವಾಲಯಗಳ ಸುಟ್ಟ ಮಣ್ಣಿನ ಕೆತ್ತನೆಯನ್ನು ಬೇಲೂರು, ಹಳೇಬೀಡಿನ ಕಲ್ಲಿನ ಕೆಲಸ ನೋಡಿ ಬೆಳೆದ ಕಣ್ಣು ಬೇರೆಯವರಿಗಿಂತ ಹೆಚ್ಚು ಹೊತ್ತು ನೋಡುತ್ತದೆ. ಫರಕ್ಕಾದಿಂದ ಮೇಲಕ್ಕೆ, ವಾರಾಣಸಿಯ ದಿಕ್ಕಿನಲ್ಲಿ ಬೇಸಿಗೆಗೆ ಗಂಗೆಯ ಆಳ ತಗ್ಗುತ್ತದೆ. ಆ ಮಾರ್ಗ ಬೇಕಿದ್ದರೆ ಮಳೆಗಾಲ ಮುಗಿದ ಹೊಸದರಲ್ಲಿ ಹೋಗಬೇಕು. ಅಲೆಪ್ಪಿಯ ಹೌಸ್‌ಬೋಟ್ ನೋಡಿಕೊಂಡು ಬಂದವರು ರಿವರ್ ಕ್ರೂಸನ್ನೂ ಅದೇ ಲೆಕ್ಕಕ್ಕೆ ಹಾಕುವುದುಂಟು. ಹೌಸ್‌ಬೋಟ್ ಸಂಜೆಗೇ ಕಟ್ಟಿ ನಿಲ್ಲುತ್ತದೆ, ಯುರೋಪಿನ ರಿವರ್ ಕ್ರೂಸ್ ಹಡಗು ಹೆಚ್ಚಾಗಿ ರಾತ್ರಿಯೇ ಸಾಗಿ ಬೆಳಿಗ್ಗೆ ಹೊಸ ಊರಿನಲ್ಲಿರುತ್ತದೆ.

ಈಗ ಹಡಗು. ಯುರೋಪಿನ ಬಹುತೇಕ ನದಿ ಹಡಗುಗಳ ಗಾತ್ರ ಒಂದೇ: ಉದ್ದ 110 ಅಥವಾ 135 ಮೀಟರ್, ಅಗಲ 11.4 ಮೀಟರ್. ರೈನ್‌ನಿಂದ ಡ್ಯಾನ್ಯೂಬ್‌ಗೆ ಹೋಗುವ ಕಾಲುವೆಯ ಲಾಕ್ 12 ಮೀಟರ್ ಅಗಲ, ಅದಕ್ಕಿಂತ ದೊಡ್ಡದು ಹಿಡಿಸುವುದಿಲ್ಲ. ಹಾಗಾಗಿ ಐಷಾರಾಮಿ ಹಡಗಿನಲ್ಲೂ ರೂಮು ವಿಶಾಲವೇನಿರುವುದಿಲ್ಲ. ರೂಮುಗಳು ಸಾಮಾನ್ಯವಾಗಿ ಮೂರು ಅಂತಸ್ತಿನಲ್ಲಿ. ಕೆಳಗಿನದರಲ್ಲಿ ಕಿಟಕಿ ತಲೆಯ ಮಟ್ಟದಲ್ಲಿ, ತೆರೆಯಲು ಬರುವುದಿಲ್ಲ, ನೀರಿನ ಮಟ್ಟ ಅಲ್ಲೇ ಕೆಳಗೆ. ಅಗ್ಗ ಎಂದು ಅದನ್ನೇ ತೆಗೆದುಕೊಳ್ಳುವ ಮುಂಚೆ ಲಿಫ್ಟ್ ಅಲ್ಲಿಯವರೆಗೆ ಇಳಿಯುತ್ತದೆಯೇ ಕೇಳಿ, ಎಷ್ಟೋ ಹಡಗುಗಳಲ್ಲಿ ಇಳಿಯುವುದಿಲ್ಲ. ಮೇಲಿನ ಎರಡರಲ್ಲಿ ‘ಫ್ರೆಂಚ್ ಬಾಲ್ಕನಿ’ ಇರುತ್ತದೆ. ಹೆಸರು ಬಾಲ್ಕನಿಯಾದರೂ ಕುರ್ಚಿ ಹಾಕುವ ಜಾಗವಿಲ್ಲ, ಬಾಗಿಲು ತೆರೆದರೆ ಎದುರಿಗೇ ಕಂಬಿ. ಅದಕ್ಕೆ ದುಪ್ಪಟ್ಟು ಕೊಡಬೇಡಿ. ಊರುಗಳಲ್ಲಿ ಹಡಗುಗಳನ್ನು ಒಂದರ ಪಕ್ಕಕ್ಕೊಂದು ಕಟ್ಟುತ್ತಾರೆ, ಆಗ ನಿಮ್ಮ ಕಿಟಕಿಗೆ ಎದುರು ಪಕ್ಕದ ಹಡಗಿನ ಕಿಟಕಿಯೇ. ಪರದೆ ಎಳೆದುಕೊಂಡಿರಬೇಕಾಗುತ್ತದೆ.

ನಮ್ಮ ಆಯ್ಕೆ ನಡುವಿನ ಅಂತಸ್ತು, ಹಡಗಿನ ಮಧ್ಯಭಾಗ. ಹಿಂಬದಿಯಲ್ಲಿ ಎಂಜಿನ್ ಸದ್ದು. ಮುಂಬದಿಯಲ್ಲಿ ಲಾಕ್ ಹೊಕ್ಕಾಗ, ದಡಕ್ಕೆ ಒತ್ತಿದಾಗ ಹಡಗನ್ನು ಪಕ್ಕಕ್ಕೆ ತಳ್ಳುವ ಥ್ರಸ್ಟರ್‌ನ ಗುಡುಗು, ಅದೂ ರಾತ್ರಿ ಎರಡಕ್ಕೋ ಮೂರಕ್ಕೋ. ನಿದ್ದೆ ಸೂಕ್ಷ್ಮವಿರುವವರು ಪ್ಲಾನ್ ತರಿಸಿಕೊಂಡು ರೂಮಿನ ನಂಬರ್ ನೋಡಿಯೇ ಒಪ್ಪಿಕೊಳ್ಳಿ. ಮೂವರ ರೂಮು ಈ ಹಡಗುಗಳಲ್ಲಿ ಅಪರೂಪ. ಅಜ್ಜಿ ತಾತನ ಜತೆ ಮೊಮ್ಮಗುವನ್ನು ಕರೆದೊಯ್ಯುವವರು ವಯಸ್ಸಿನ ಮಿತಿ ಇದೆಯೇ ಎಂದೂ ಕೇಳಬೇಕು. ವಾಂತಿ, ತಲೆಸುತ್ತಿನ ಭಯ ಬೇಡ, ನದಿಯಲ್ಲಿ ಅಲುಗಾಟ ಇಲ್ಲವೆನ್ನುವಷ್ಟು ಕಡಿಮೆ.

ಹೆಚ್ಚು ಜನ ಎಡವುವುದು ವೀಸಾದಲ್ಲಿ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಅರ್ಜಿ ಹಾಕಬೇಕಾದದ್ದು ವಿಮಾನ ಇಳಿಯುವ ದೇಶಕ್ಕಲ್ಲ, ಹೆಚ್ಚು ದಿನ ಕಳೆಯುವ ದೇಶಕ್ಕೆ. ದಿನಗಳು ಸಮವಾಗಿದ್ದರೆ ಮಾತ್ರ ಮೊದಲು ಕಾಲಿಡುವ ದೇಶಕ್ಕೆ. ಮ್ಯೂನಿಕ್‌ನಲ್ಲಿ ಇಳಿದು ಪಸ್ಸಾವ್‌ನಲ್ಲಿ ಹಡಗು ಹತ್ತಿದರೂ ದಿನಗಳನ್ನು ಎಣಿಸಿದರೆ ಹೆಚ್ಚಿನವು ಆಸ್ಟ್ರಿಯಾದಲ್ಲೇ ಬರುತ್ತವೆ. ಕ್ರೂಸ್ ಮುಗಿಸಿ ಮಗನ ಮನೆಯಲ್ಲಿ ಎರಡು ವಾರ ಇರುವವರಿಗೆ ಅದೇ ಲೆಕ್ಕ ಜರ್ಮನಿಗೆ ತಿರುಗುತ್ತದೆ. ಹಡಗಿನ ವೇಳಾಪಟ್ಟಿ ಮುಂದಿಟ್ಟುಕೊಂಡು ದೇಶವಾರು ದಿನಗಳ ಪಟ್ಟಿ ಮಾಡಿ ಅರ್ಜಿಯ ಜತೆಗೇ ಲಗತ್ತಿಸಿ. ಬುಡಾಪೆಸ್ಟ್‌ನಿಂದ ಕೆಳಗೆ ಕಪ್ಪು ಸಮುದ್ರದ ಕಡೆ ಹೋಗುವವರು ಷೆಂಗೆನ್‌ಗೆ ಸೇರದ ಸರ್ಬಿಯಾ ದಾಟಿ ಮತ್ತೆ ಒಳಗೆ ಬರುತ್ತಾರೆ. ಅವರಿಗೆ ಮಲ್ಟಿಪಲ್ ಎಂಟ್ರಿಯೇ ಬೇಕು.

ಅರ್ಜಿಯನ್ನು ಆರು ತಿಂಗಳು ಮುಂಚಿನಿಂದ ಹಾಕಬಹುದು. ಹೊರಡಲು ಹದಿನೈದು ದಿನವೂ ಉಳಿದಿಲ್ಲದಾಗ ಹಾಕಿದರೆ ಆಗದು. ಬೇಸಿಗೆಯ ಪ್ರಯಾಣಕ್ಕೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಮೂರು ತಿಂಗಳು ಮುಂಚೆ ಹುಡುಕಲು ಶುರುಮಾಡಿ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆಯ ವಿಮೆ ಕಡ್ಡಾಯ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸಾಗುವ ದಿನದ ನಂತರವೂ ಮೂರು ತಿಂಗಳು ನಡೆಯಬೇಕು, ಎರಡು ಪುಟ ಖಾಲಿ ಇರಬೇಕು.

ಬೆಳೆಗಾರರ ಅರ್ಜಿ ಸಂಬಳದಾರರದ್ದರ ಹಾಗಲ್ಲ. ಸಂಬಳದ ಚೀಟಿ ಇಲ್ಲ, ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ರಿಟರ್ನ್‌ನಲ್ಲಿ ಕಾಣುವ ಮೊತ್ತವೂ ಸಣ್ಣದು. ಪಹಣಿ, ಕ್ಯೂರಿಂಗ್ ವರ್ಕ್ಸ್ ಅಥವಾ ವ್ಯಾಪಾರಿ ಕೊಟ್ಟ ಕಾಫಿ, ಮೆಣಸಿನ ಮಾರಾಟದ ಬಿಲ್, ಆ ಹಣ ಬ್ಯಾಂಕಿಗೆ ಬಂದ ಸಾಲುಗಳು ಇವನ್ನೆಲ್ಲ ಒಂದಕ್ಕೊಂದು ಹೊಂದಿಸಿ ಕೊಡಬೇಕು. ಪಹಣಿ ಕನ್ನಡದಲ್ಲಿರುವುದರಿಂದ ಇಂಗ್ಲಿಷ್ ಅನುವಾದ ಸೇರಿಸಿ. ಇಲ್ಲಿ ಒಂದು ಸೂಕ್ಷ್ಮವಿದೆ. ತೋಟದ ಹಣ ಬರುವುದು ಜನವರಿಯಿಂದ ಮಾರ್ಚ್–ಏಪ್ರಿಲ್‌ವರೆಗೆ. ಸೆಪ್ಟೆಂಬರ್ ಪ್ರಯಾಣಕ್ಕೆ ಜೂನ್, ಜುಲೈನಲ್ಲಿ ತೆಗೆಸುವ ಮೂರು ತಿಂಗಳ ಸ್ಟೇಟ್‌ಮೆಂಟ್‌ನಲ್ಲಿ ಬರೀ ಖರ್ಚೇ ಕಾಣುತ್ತದೆ. ಅದನ್ನು ಮುಚ್ಚಲು ಬೇರೆಯವರಿಂದ ಹಣ ತಂದು ಖಾತೆಗೆ ಹಾಕಿದರೆ ಅನುಮಾನ ಹೆಚ್ಚಾಗುತ್ತದೆ. ಇಡೀ ವರ್ಷದ ಸ್ಟೇಟ್‌ಮೆಂಟ್ ಕೊಟ್ಟು, ನಮ್ಮ ಬೆಳೆಯ ಕಾಲ ಹೀಗೆ ಎಂದು ಕವರಿಂಗ್ ಲೆಟರ್‌ನಲ್ಲಿ ನಾಲ್ಕು ಸಾಲು ವಿವರಿಸುವುದೇ ಸರಿಯಾದ ದಾರಿ. ನೀವಿಲ್ಲದಾಗ ತೋಟ ನೋಡಿಕೊಳ್ಳುವ ರೈಟರ್ ಇದ್ದಾರೆ, ಕೊಯ್ಲಿಗೆ ನೀವು ವಾಪಸ್ ಬರಲೇಬೇಕು ಎಂಬುದನ್ನೂ ಬರೆಯಿರಿ. ಊರಿಗೆ ಮರಳುವಿರಿ ಎಂಬುದಕ್ಕೆ ಅದಕ್ಕಿಂತ ಬಲವಾದ ಕಾರಣ ಬೇಕಿಲ್ಲ.

ದುಡ್ಡಿನ ವಿಚಾರದಲ್ಲಿ ಜಾಹೀರಾತಿನ ದರ ಯಾವಾಗಲೂ ಇಬ್ಬರು ಒಂದು ರೂಮಿನಲ್ಲಿದ್ದಾಗ ತಲೆಗೆ ಇಷ್ಟು ಎಂದಿರುತ್ತದೆ. ಒಬ್ಬರೇ ಹೋದರೆ ಹೆಚ್ಚು ಕಟ್ಟಬೇಕು. ಅದರಲ್ಲಿ ಬಂದರು ಶುಲ್ಕ, ಪಾನೀಯ, ಊರು ಸುತ್ತಾಟ, ವೈಫೈ, ವಿಮಾನ ನಿಲ್ದಾಣದಿಂದ ಹಡಗಿಗೆ ವಾಹನ, ಸಿಬ್ಬಂದಿಯ ಟಿಪ್ಸ್ ಇವುಗಳಲ್ಲಿ ಯಾವುದು ಸೇರಿದೆ, ಯಾವುದು ಇಲ್ಲ ಎಂದು ಬರಹದಲ್ಲಿ ಪಡೆಯಿರಿ. ಟಿಪ್ಸ್ ಒಂದೇ ತಲೆಗೆ ದಿನಕ್ಕೆ 10ರಿಂದ 15 ಯೂರೋ ಎಂದು ಹಿಡಿದರೆ ದಂಪತಿಗೆ ವಾರದಲ್ಲಿ 140ರಿಂದ 210 ಯೂರೋ. ವಿದೇಶಿ ಪ್ಯಾಕೇಜಿಗೆ ಟಿಸಿಎಸ್ (ಮಾರುವವರೇ ನಿಮ್ಮಿಂದ ಪಡೆದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಹಿಡಿಯುತ್ತಾರೆ. ಬಜೆಟ್‌ಗಳಲ್ಲಿ ದರ ಬದಲಾಗುವುದರಿಂದ ಕಟ್ಟುವ ದಿನದ ದರ ಕೇಳಿ. ಅದು ನಷ್ಟವಲ್ಲ, ನಿಮ್ಮ ಪ್ಯಾನ್‌ಗೆ ಜಮೆಯಾಗಿ ಆದಾಯ ತೆರಿಗೆ ಇಲಾಖೆಯ ನಿಮ್ಮ ಲೆಕ್ಕಪಟ್ಟಿಯಲ್ಲಿ ಕಾಣುತ್ತದೆ. ರಿಟರ್ನ್ ಸಲ್ಲಿಸಿದರೆ ಹೊಂದಿಸಿಕೊಳ್ಳಬಹುದು, ವಾಪಸೂ ಪಡೆಯಬಹುದು. ಕೃಷಿ ಆದಾಯ ಮಾತ್ರ ಎಂದು ರಿಟರ್ನ್ ಹಾಕದೆ ಬಿಟ್ಟವರ ಹಣ ಅಲ್ಲೇ ಉಳಿದುಬಿಡುತ್ತದೆ. ಎರಡು ಲಕ್ಷ ಮತ್ತು ಮೇಲ್ಪಟ್ಟ ಮೊತ್ತವನ್ನು ನಗದಾಗಿ ತೆಗೆದುಕೊಳ್ಳಲು ಯಾವ ಏಜೆಂಟರಿಗೂ ಕಾನೂನಿನಲ್ಲಿ ಅವಕಾಶವಿಲ್ಲ. ನಗದಿಗೆ ರಿಯಾಯಿತಿ ಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ.

ಕಾಲಿನ ಶಕ್ತಿ ಪರೀಕ್ಷಿಸಿಕೊಳ್ಳಿ. ದಿನಾ ಎರಡು ಮೂರು ಗಂಟೆಯ ನಡಿಗೆ, ಅದೂ ಉಬ್ಬುತಗ್ಗಾದ ಕಲ್ಲುಹಾಸಿನ ಮೇಲೆ. ನೀರು ಇಳಿದಾಗ ದಡಕ್ಕೆ ಹಾಕುವ ಹಲಗೆ ಕಡಿದಾಗುತ್ತದೆ. ಹಡಗುಗಳು ಪಕ್ಕಪಕ್ಕ ನಿಂತಾಗ ಮೇಲಿನ ಡೆಕ್ ಹತ್ತಿ ಪಕ್ಕದ ಹಡಗಿನಿಂದ ಇಳಿದು ಹೋಗಬೇಕಾದೀತು. ಬೆಳಿಗ್ಗೆ ಬೇಲೂರು, ಮಧ್ಯಾಹ್ನ ಹಳೇಬೀಡು ನಡೆದು ನೋಡಿ ಮರುದಿನವೂ ಹಾಗೆಯೇ ನಡೆಯಬಲ್ಲವರಿಗೆ ತೊಂದರೆಯಿಲ್ಲ. ಮೊಣಕಾಲು ನೋವಿದ್ದರೆ ನಿಧಾನ ನಡಿಗೆಯವರ ಗುಂಪು ಇದೆಯೇ ಎಂದು ಬುಕಿಂಗ್‌ನಲ್ಲೇ ಕೇಳಿ. ನದಿ ಹಡಗುಗಳಲ್ಲಿ ಸಾಮಾನ್ಯವಾಗಿ ಡಾಕ್ಟರ್ ಇರುವುದಿಲ್ಲ, ಅಗತ್ಯ ಬಿದ್ದರೆ ಊರಿನಿಂದ ಕರೆಸುತ್ತಾರೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಒಂದು ವಾರಕ್ಕೆ ಹೆಚ್ಚುವರಿಯಾಗಿ, ಔಷಧದ ಮೂಲ ಹೆಸರಿರುವ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ವಿಮೆ ಮಾಡಿಸುವಾಗ ಇರುವ ಕಾಯಿಲೆ ಮುಚ್ಚಿಟ್ಟರೆ ಕ್ಲೇಮ್ ಬಿದ್ದುಹೋಗುತ್ತದೆ.

ಊಟದ ಬಗ್ಗೆ ‘ವೆಜ್’ ಎಂದಷ್ಟೇ ಬರೆಸಿದರೆ ಮೀನೂ ಮೊಟ್ಟೆಯೂ ಬರಬಹುದು. ಮಾಂಸ, ಮೀನು, ಮೊಟ್ಟೆ ಬೇಡ, ಹಾಲು ಮೊಸರು ಆಗುತ್ತದೆ, ಮಾಂಸದ ಸಾರು ಹಾಕಿದ ಸೂಪೂ ಬೇಡ ಎಂದು ಒಂದೊಂದಾಗಿ ಬರೆಸಿ. ಹತ್ತಿದ ದಿನವೇ ಊಟದ ಮೇಲ್ವಿಚಾರಕರಿಗೆ ಇನ್ನೊಮ್ಮೆ ಹೇಳಿ. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಮನೆಯ ಕಾಫಿಪುಡಿ ಒಯ್ಯಬಹುದು. ತುಪ್ಪ, ಪೇಡ, ಹಸಿ ಕರಿಬೇವು, ವೀಳ್ಯದೆಲೆ ಬೇಡ. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ, ಹಸಿರೆಲೆಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಕೆಟಲ್ ತರುವುದನ್ನು ಹಲವು ಹಡಗುಗಳು ಬೆಂಕಿಯ ಭಯದಿಂದ ಒಪ್ಪುವುದಿಲ್ಲ. ಬಿಸಿನೀರು ಅಲ್ಲೇ ದಿನವಿಡೀ ಸಿಗುತ್ತದೆ.

ಹಡಗು ಹತ್ತುವ ದಿನವೇ ವಿಮಾನ ಇಳಿಯುವ ಹಾಗೆ ಟಿಕೆಟ್ ಮಾಡಿಸಬೇಡಿ. ಹಡಗು ಸಂಜೆ ಹೊರಟರೆ ತಡವಾದವರಿಗೆ ಕಾಯುವುದಿಲ್ಲ, ಮುಂದಿನ ಊರಿಗೆ ಸ್ವಂತ ಖರ್ಚಿನಲ್ಲಿ ಹೋಗಿ ಹಿಡಿಯಬೇಕು. ಒಂದು ದಿನ ಮುಂಚೆ ಮ್ಯೂನಿಕ್ ಸೇರಿ, ರಾತ್ರಿ ಅಲ್ಲಿ ಕಳೆದು, ಮರುದಿನ ರೈಲಿನಲ್ಲಿ ಪಸ್ಸಾವ್‌ಗೆ ಹೋದರೆ ಎರಡು ಗಂಟೆ ಚಿಲ್ಲರೆ ಸಾಕು. ವಾಪಸಾಗುವಾಗಲೂ ಹಾಗೆಯೇ: ಒಂಬತ್ತರೊಳಗೆ ರೂಮು ಬಿಡಿಸುತ್ತಾರೆ, ನೀರಿನ ತೊಂದರೆಯಿಂದ ಕೊನೆಯ ಭಾಗ ಬಸ್ಸಿನಲ್ಲಾದರೆ ಇನ್ನೂ ತಡ. ವಿಮಾನ ಮಧ್ಯಾಹ್ನದ ನಂತರದ್ದಿರಲಿ. ನೀರು ಏರಿದಾಗ ಹತ್ತುವ ಜಾಗವೇ ಪಕ್ಕದ ಊರಿಗೆ ಬದಲಾಗುತ್ತದೆ. ಆ ಸಂದೇಶ ಹಿಂದಿನ ದಿನವೋ ಅದೇ ಬೆಳಿಗ್ಗೆಯೋ ಬರುತ್ತದೆ. ಬೆಂಗಳೂರು ಬಿಡುವ ಮುಂಚೆಯೇ ರೋಮಿಂಗ್ ಹಾಕಿಸಿ, ಬುಕಿಂಗ್‌ನಲ್ಲಿ ಆ ನಂಬರನ್ನೇ ಕೊಟ್ಟಿರಿ, ಹಡಗಿನ ರಿಸೆಪ್ಷನ್ ನಂಬರನ್ನು ಇಬ್ಬರ ಫೋನಿನಲ್ಲೂ, ಒಂದು ಚೀಟಿಯಲ್ಲೂ ಬರೆದಿಟ್ಟುಕೊಳ್ಳಿ.