ಹಿತ್ತಲ ಬೆಂಕಿ: 25 ಅಡಿ ಯಾವಾಗ, 15 ಅಡಿ ಯಾವಾಗ?

ಅಮೆರಿಕದಲ್ಲಿ ಹಿತ್ತಲ ಬೆಂಕಿಯ ನಿಯಮ ಊರಿಂದೂರಿಗೆ ಬೇರೆ. ಆದರೂ ಬಹಳಷ್ಟು ಊರುಗಳು ಇಂಟರ್‌ನ್ಯಾಷನಲ್ ಫೈರ್ ಕೋಡ್ ಅನ್ನುವ ಮಾದರಿ ಅಗ್ನಿ ಸುರಕ್ಷತಾ ನಿಯಮಾವಳಿಯನ್ನೇ ತೆಗೆದುಕೊಂಡು ತಮಗೆ ಬೇಕಾದ ಹಾಗೆ ತಿದ್ದಿಕೊಂಡಿವೆ. ಮೊದಲು ಅದರ 307ನೇ ಸೆಕ್ಷನ್ ಓದಿ. ಆಮೇಲೆ ನಿಮ್ಮೂರಿನ ತಿದ್ದುಪಡಿ ಬೇಗ ತಲೆಗೆ ಹೋಗುತ್ತದೆ.

ರಿಕ್ರಿಯೇಷನಲ್ ಫೈರ್ (ಖುಷಿಗೆ, ಅಡುಗೆಗೆ, ಚಳಿ ಕಾಯಿಸಲು ಹೊರಗೆ ಹಾಕುವ ಸಣ್ಣ ಬೆಂಕಿ) ಅನ್ನಿಸಿಕೊಳ್ಳಬೇಕಾದರೆ ಸೌದೆಯ ರಾಶಿ 3 ಅಡಿ ಅಗಲ, 2 ಅಡಿ ಎತ್ತರ ಮೀರಬಾರದು. ಕಸ ಸುಡುವಂತಿಲ್ಲ. ಬಾನ್‌ಫೈರ್, ಅಂದರೆ ಆಚರಣೆಗೆಂದು ಹಾಕುವ ದೊಡ್ಡ ಬೆಂಕಿ ಆದರೆ ಕಟ್ಟಡಗಳಿಂದ 50 ಅಡಿ ದೂರ ಇರಬೇಕು, ಜೊತೆಗೆ ಪರ್ಮಿಟ್ಟೂ ಬೇಕು.

ನನಗೆ ಜಾಸ್ತಿ ಗೊಂದಲವಾಗಿದ್ದು ದೂರದ ಲೆಕ್ಕ. ನೆಲದ ಮೇಲೆ ಹಾಕಿದ ಬೆಂಕಿಗೆ 25 ಅಡಿ. ಅದೇ ಸೌದೆಯನ್ನು ಎತ್ತಿ ಇಡಬಹುದಾದ ಫೈರ್ ಪಿಟ್‌ಗೆ ಹಾಕಿದರೆ 15 ಅಡಿ! ಏಕೆಂದರೆ ಆಗ ಅದು ರಿಕ್ರಿಯೇಷನಲ್ ಫೈರ್ ಅಲ್ಲ, ಪೋರ್ಟಬಲ್ ಔಟ್‌ಡೋರ್ ಫೈರ್‌ಪ್ಲೇಸ್. ಸೌದೆ ಯಾವುದರೊಳಗೆ ಉರಿಯುತ್ತಿದೆ ಅನ್ನುವುದೇ ಇಲ್ಲಿ ಮುಖ್ಯ. ಒಂದು ಅಥವಾ ಎರಡು ಕುಟುಂಬ ಇರುವ ಮನೆಗಳಿಗೆ ಈ 15 ಅಡಿಯಿಂದಲೂ ವಿನಾಯಿತಿ ಇದೆ. ನಿಮ್ಮೂರು ಅದನ್ನು ಉಳಿಸಿಕೊಂಡಿದೆಯಾ ಅಂತ ತಪ್ಪದೆ ನೋಡಿ.

ಇನ್ನೊಂದು ವಿಷಯ. ದೂರ ಬರೀ ಮನೆಯಿಂದ ಅಲ್ಲ. ಯಾವುದೇ ಕಟ್ಟಡ, ಹೊತ್ತಿಕೊಳ್ಳುವ ಯಾವುದೇ ವಸ್ತುವಿನಿಂದ. ಮರದ ಬೇಲಿಯೂ ಲೆಕ್ಕಕ್ಕೆ ಬರುತ್ತದೆ, ಪಕ್ಕದ ಮನೆಯವರ ಶೆಡ್ಡೂ ಬರುತ್ತದೆ. ಎರಡೂ ಕಡೆ ಮರದ ಬೇಲಿ ಇದೆ ಅಂದುಕೊಳ್ಳಿ. ಎಡಕ್ಕೆ 25, ಬಲಕ್ಕೆ 25, ನಡುವೆ ನೆಲದ ಮೇಲೆ 3 ಅಡಿಯ ಬೆಂಕಿ: ಒಟ್ಟು 53 ಅಡಿ ಅಗಲ ಬೇಕು. ಹಿತ್ತಲು 50 ಅಡಿ ಇದ್ದರೆ ಎಲ್ಲಿ ಹಾಕಿದರೂ ನಿಯಮಕ್ಕೆ ಕೂರುವುದಿಲ್ಲ, ಅಲ್ವಾ? ಸೌದೆ ಕೊಳ್ಳುವ ಮೊದಲು ಟೇಪ್ ಹಿಡಿದು ಅಳೆದುಬಿಡಿ.

ಬೆಂಕಿ ಪೂರ್ತಿ ಆರುವವರೆಗೆ ಯಾರಾದರೂ ಪಕ್ಕದಲ್ಲೇ ಇರಬೇಕು. ನಂದಿಸುವ ಸಾಧನ ಕೈಗೆ ಸಿಗುವಂತಿರಬೇಕು. ಫೈರ್ ಎಕ್ಸ್‌ಟಿಂಗ್ವಿಷರ್ ಆದರೆ ಕನಿಷ್ಠ 4-ಎ ರೇಟಿಂಗ್ ಇರಬೇಕು (ಸೌದೆ, ಕಾಗದದಂಥ ಬೆಂಕಿಯನ್ನು ನಂದಿಸುವ ಸಾಮರ್ಥ್ಯದ ಅಳತೆ ಇದು; ಅಂಕಿ ದೊಡ್ಡದಾದಷ್ಟೂ ಸಾಮರ್ಥ್ಯ ಹೆಚ್ಚು). ಅಡುಗೆಮನೆಯ ಪುಟ್ಟ ಸಿಲಿಂಡರ್ ಮೇಲೆ ಸಾಮಾನ್ಯವಾಗಿ 1-ಎ ಅಂತಲೇ ಇರುತ್ತದೆ, ಅದು ಸಾಲದು. ನೀರು ಬರುವ ಗಾರ್ಡನ್ ಹೋಸ್, ಮರಳು ಅಥವಾ ಮಣ್ಣು ಇಟ್ಟುಕೊಂಡರೂ ಕೋಡ್ ಒಪ್ಪುತ್ತದೆ. ಹೋಸ್ ಬೆಂಕಿಯವರೆಗೆ ಮುಟ್ಟುತ್ತದಾ ಅಂತ ಕಡ್ಡಿ ಗೀರುವ ಮುಂಚೆಯೇ ಎಳೆದು ನೋಡಿ.

ಎಲ್ಲ ಅಳತೆ ಸರಿ ಇದ್ದರೂ, ಹೊಗೆ ಅಪಾಯ ತರುವಂತಿದ್ದರೆ ಅಗ್ನಿಶಾಮಕ ಅಧಿಕಾರಿ ಬೆಂಕಿ ಆರಿಸಲು ಹೇಳಬಹುದು. ಬರ್ನ್ ಬ್ಯಾನ್, ಅಂದರೆ ಹೊರಗೆ ಬೆಂಕಿ ಹಾಕುವುದಕ್ಕೇ ತಾತ್ಕಾಲಿಕ ನಿಷೇಧ ಇರುವ ದಿನಗಳಲ್ಲಿ ಈ ಅಡಿಗಳ ಲೆಕ್ಕ ಯಾವುದೂ ನಡೆಯುವುದಿಲ್ಲ.