ಚೀಸಿನಿಂದ ಕಾಯಿಲೆ ಬಿದ್ದ ಕಂಪ್ಯೂಟರ್

ನನ್ನದು ಸರ್ವರ್ ರೂಮಿನ ಕೆಲಸ. ಕೆಟ್ಟ ಡಿಸ್ಕ್ ಬದಲಿಸುವುದು, ಮಲಗಿದ ಮಷೀನ್ ಎಬ್ಬಿಸುವುದು. ಹಾಗಾಗಿ ಸ್ಟಾರ್ ಟ್ರೆಕ್ ಎಂಬ ಅಂತರಿಕ್ಷಯಾನದ ಟಿವಿ ಸರಣಿ ನೋಡುವಾಗ ಮನೆಯವರ ಕಣ್ಣೆಲ್ಲ ಹಡಗಿನ ಮೇಲಿದ್ದರೆ ನನ್ನದು ಗೋಡೆಯ ಪ್ಯಾನೆಲ್ ಮೇಲಿರುತ್ತದೆ. ಅದರ ಹಿಂದೆ ಏನಿದೆ? ಕೆಟ್ಟರೆ ಬಿಚ್ಚುವವರು ಯಾರು?

ಈ ಕಥಾಲೋಕಕ್ಕೆ ತನ್ನದೇ ಕಂಪ್ಯೂಟರ್ ಚರಿತ್ರೆ ಇದೆ. 23ನೇ ಶತಮಾನದಲ್ಲಿ ಡ್ಯುಯೋಟ್ರಾನಿಕ್ ಎಂಬ ಕಲ್ಪನೆಯ ಯಂತ್ರಗಳು. 24ನೇ ಶತಮಾನಕ್ಕೆ ಐಸೋಲೀನಿಯರ್ ಎಂಬ ಚಿಪ್, ಅದೂ ಕಲ್ಪನೆಯದ್ದೇ. ಅದರ ಮೇಲೆ ನರಕೋಶ ತುಂಬಿದ ಜೆಲ್ ಪ್ಯಾಕ್. 1966ರಲ್ಲಿ ಶುರುವಾದ ಮೊದಲ ಸರಣಿಯಲ್ಲಿ ಕಂಪ್ಯೂಟರ್ ಕಟಕಟ ಸದ್ದು ಮಾಡುತ್ತಾ, ಜೀವವಿಲ್ಲದ ದನಿಯಲ್ಲಿ ಉತ್ತರ ಕೊಡುತ್ತದೆ. ಆಗ ಜನ ಕಂಡಿದ್ದ ಕಂಪ್ಯೂಟರ್ ಅಂದರೆ ಕೋಣೆ ತುಂಬುವಂಥದ್ದು, ಸದ್ದು ಮಾಡುವಂಥದ್ದು. ಬರೆದವರು ಅದನ್ನೇ ಮುನ್ನೂರು ವರ್ಷ ಮುಂದಕ್ಕೆ ತಳ್ಳಿದರು, ಅಷ್ಟೆ.

ಅಂಕಿಗಳ ಪಾಡು ಇನ್ನೂ ತಮಾಷೆ. 1989ರ ಒಂದು ಕಂತಿನಲ್ಲಿ ಡೇಟಾ ಎಂಬ ಯಂತ್ರಮಾನವ ತನ್ನ ಮಿದುಳಿನ ವೇಗ ಹೇಳುತ್ತಾನೆ: ಸೆಕೆಂಡಿಗೆ 60 ಲಕ್ಷ ಕೋಟಿ ಲೆಕ್ಕ. ಆಗಿನ ಕ್ರೇ ಸೂಪರ್‌ಕಂಪ್ಯೂಟರ್‌ಗಳು ಸೆಕೆಂಡಿಗೆ ಕೆಲವು ನೂರು ಕೋಟಿ ಲೆಕ್ಕ ಮಾಡುತ್ತಿದ್ದವು, ಹಾಗಾಗಿ ಕೇಳಿದವರು ಬೆರಗಾಗಿರಬೇಕು. ಈಗ? ದುಬಾರಿ ಗೇಮಿಂಗ್ ಕಾರ್ಡ್ ಒಂದೇ ಅಷ್ಟು ಮಾಡುತ್ತದೆ. 2022ರಲ್ಲಿ ಬೆಂಗಳೂರಿನ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿಗೆ (ಭಾರತೀಯ ವಿಜ್ಞಾನ ಸಂಸ್ಥೆ) ಬಂದ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗದ್ದು 3.3 ಪೆಟಾಫ್ಲಾಪ್ಸ್, ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ, ಅಂದರೆ ಡೇಟಾನ 55 ಪಟ್ಟು. ಅಂಕಿ ಹೇಳಿದರೆ ಹಳಸುವ ಈ ಅಪಾಯ ಸರಣಿಯ ತಾಂತ್ರಿಕ ಸಲಹೆಗಾರ ಮೈಕೇಲ್ ಒಕುಡಾ ಮತ್ತು ಜೊತೆಗಾರರಿಗೆ ಗೊತ್ತಿತ್ತು. ಅದಕ್ಕೇ ಹಡಗಿನ ಮೆಮೊರಿ ಅಳೆಯಲು 'ಕಿಲೋಕ್ವಾಡ್' ಅಂತ ಒಂದು ಅಳತೆ ಹುಟ್ಟುಹಾಕಿದರು. ಒಂದು ಕ್ವಾಡ್ ಎಂದರೆ ಎಷ್ಟು ಬೈಟ್? ಬೇಕಂತಲೇ ಹೇಳಲಿಲ್ಲ. ಜಾಣತನ ಅಲ್ವಾ!

ಅಂಕಿಗಳು ಹೀಗೆ ಹಳಸುತ್ತವೆ. ಆದರೆ ಆ ಕಂಪ್ಯೂಟರ್‌ಗಳು ಕೆಡುವ ರೀತಿ ಇದೆಯಲ್ಲ, ಅದು ಇವತ್ತಿಗೂ ನಮ್ಮ ರೂಮಿನದ್ದೇ.

1968ರ ಕಂತೊಂದರಲ್ಲಿ ಬರುವ ಎಂ-5 ಎಂಬ ಕಂಪ್ಯೂಟರಿನ ಕಥೆ ನೋಡಿ. ಡ್ಯುಯೋಟ್ರಾನಿಕ್ ಕಂಡುಹಿಡಿದ ಡೇಸ್ಟ್ರಮ್ 24ನೇ ವಯಸ್ಸಿಗೇ ನೊಬೆಲ್ ಗೆದ್ದವನು. ಆಮೇಲೆ ಕಾಲು ಶತಮಾನ ಹೇಳಿಕೊಳ್ಳುವಂಥದ್ದೇನೂ ಮಾಡಲಾಗಲಿಲ್ಲ. ಎಂ-1ರಿಂದ ಎಂ-4ರವರೆಗೆ ಯಾವುದೂ ಸರಿಹೋಗಲಿಲ್ಲ. ಕೊನೆಗೆ ತನ್ನ ಮನಸ್ಸಿನ ಅಚ್ಚನ್ನೇ ಎಂ-5ರೊಳಗೆ ಇಳಿಸಿದ. ಹಡಗು ನಡೆಸಲು ಬಂದ ಅದು ಅಣಕು ಯುದ್ಧದಲ್ಲಿ ನಿಜವಾಗಿಯೇ ಗುಂಡು ಹಾರಿಸಿತು. ಪ್ಲಗ್ ಕೀಳಲು ಹೋದ ಹುಡುಗ ಸುಟ್ಟುಹೋದ. ನನಗೆ ಮೈ ಜುಮ್ಮೆಂದದ್ದು ಇನ್ನೊಂದು ಜಾಗದಲ್ಲಿ. ಹಡಗಿನ ಅಧಿಕಾರಿಗಳಾದ ಸ್ಪಾಕ್ ಮತ್ತು ಸ್ಕಾಟಿ ಇಕ್ಕಟ್ಟಿನ ಕೊಳವೆಯಲ್ಲಿ ನುಸುಳಿ ಕಂಟ್ರೋಲ್ ಲೈನ್ ಕಡಿಯುತ್ತಾರೆ. ಏನೂ ಆಗುವುದಿಲ್ಲ. ಎಂ-5 ಆ ದಾರಿ ಬಿಟ್ಟು ಎಷ್ಟೋ ಹೊತ್ತಾಗಿದೆ, ಇವರನ್ನು ಏಮಾರಿಸಲು ಸುಮ್ನೆ ಸಿಗ್ನಲ್ ಕಳಿಸುತ್ತಿತ್ತು. ಬಳಕೆಯಲ್ಲಿಲ್ಲದ ಕೇಬಲ್ ಹಿಂದೆ ರಾತ್ರಿಯಿಡೀ ಅಲೆದವರಿಗೆ ಈ ಸಂಕಟ ಗೊತ್ತು.

ಮನಸ್ಸಿನ ಅಚ್ಚಿನ ಮಾತು ಬಂತಲ್ಲ, ನನ್ನದೂ ಒಂದು ತಪ್ಪು ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ತಾಳ್ಮೆ ಕಮ್ಮಿ. ಐದು ನಿಮಿಷ ಉತ್ತರ ಬರದಿದ್ದರೆ ರೀಸ್ಟಾರ್ಟ್. ಅದನ್ನೇ ಸ್ಕ್ರಿಪ್ಟ್, ಅಂದರೆ ತಾನೇ ಓಡುವ ಪುಟ್ಟ ಪ್ರೋಗ್ರಾಂ, ಮಾಡಿ ರಾತ್ರಿ ಪಾಳಿಗೆ ಬಿಟ್ಟೆ. ಒಂದು ರಾತ್ರಿ ಡೇಟಾಬೇಸ್ ಬ್ಯಾಕಪ್ ಹೊತ್ತುಕೊಂಡು ನಿಧಾನಕ್ಕೆ ಉಸಿರಾಡುತ್ತಿತ್ತು. ಸ್ಕ್ರಿಪ್ಟ್ ಐದು ನಿಮಿಷ ಕಾದು ಅದನ್ನು ಕೊಂದಿತು. ಎದ್ದ ಮೇಲೆ ಮತ್ತೆ ಕೊಂದಿತು. ಬೆಳಗಾಗುವಷ್ಟರಲ್ಲಿ ಹನ್ನೊಂದು ಸಲ. ಲಾಗ್ ಓದುತ್ತಿದ್ದರೆ ನನ್ನ ಸಿಡುಕನ್ನು ನಾನೇ ಓದಿದ ಹಾಗಿತ್ತು.

ಎಂ-5 ನಿಂತದ್ದೂ ಇದೇ ದಾರಿಯಲ್ಲಿ. ಕೊಲೆ ಪಾಪ ಎಂದು ಡೇಸ್ಟ್ರಮ್ ನಂಬಿದ್ದ, ಹಾಗಾಗಿ ಯಂತ್ರವೂ ನಂಬಿತ್ತು. ನೀನು ಕೊಂದಿದ್ದೀಯ ಎಂದು ಕ್ಯಾಪ್ಟನ್ ಕರ್ಕ್ ಒಪ್ಪಿಸಿದ ಮೇಲೆ ತನ್ನನ್ನು ತಾನೇ ಆರಿಸಿಕೊಂಡಿತು. ನನ್ನ ಸ್ಕ್ರಿಪ್ಟಿಗೆ ಅಂಥ ಆತ್ಮಸಾಕ್ಷಿ ಇರಲಿಲ್ಲ. ನಾನೇ ಅಳಿಸಬೇಕಾಯಿತು.

ಐಸೋಲೀನಿಯರ್ ಕಾಲದಲ್ಲಿ ಇಂಥ ರೋಚಕತೆ ಕಮ್ಮಿ. ಬಣ್ಣಬಣ್ಣದ ಪ್ಲಾಸ್ಟಿಕ್ ಚಿಪ್, ನುಣುಪು ಪ್ಯಾನೆಲ್, ಕರೆದರೆ ಓಗೊಡುವ ದನಿ. ಈಗ ಅಲೆಕ್ಸಾ ಸ್ಪೀಕರನ್ನು 'ಕಂಪ್ಯೂಟರ್' ಎಂದು ಕರೆದು ಎಬ್ಬಿಸಬಹುದು, ಅದು ಈ ಸರಣಿಯ ಬಳುವಳಿ.

ಜೆಲ್ ಪ್ಯಾಕ್ ಮಾತ್ರ ನನಗೆ ಅಚ್ಚುಮೆಚ್ಚು. 1995ರಲ್ಲಿ ಶುರುವಾದ ಸರಣಿಯ ವಾಯೇಜರ್ ಹಡಗಿನದ್ದು. ಕಥೆ ನಡೆಯುವುದು ಮನೆಯಿಂದ ಸುಮಾರು 70,000 ಜ್ಯೋತಿರ್ವರ್ಷ ದೂರದಲ್ಲಿ. ಸ್ಪೇರ್ ತರಿಸುವ ಮಾತೇ ಇಲ್ಲ. ಅಂಥಲ್ಲಿ ಪ್ಯಾಕ್‌ಗಳು ಒಂದೊಂದಾಗಿ ಕಾಯಿಲೆ ಬೀಳುತ್ತವೆ. ಕಾರಣ ಅಡುಗೆಮನೆ. ಅಡುಗೆಯವನು ನೀಲಿಕ್ಸ್ ಚೀಸ್ ಮಾಡಿದ್ದ, ಅದರ ಬ್ಯಾಕ್ಟೀರಿಯಾದೊಳಗಿನ ವೈರಸ್ ಪ್ಯಾಕ್‌ಗಳಿಗೆ ತಗುಲಿತ್ತು. ಕಂಪ್ಯೂಟರ್‌ಗೆ ವೈರಸ್ ಎಂದರೆ ಇಲ್ಲಿ ನಿಜವಾಗಲೂ ವೈರಸ್! ಮದ್ದು ಏನು ಗೊತ್ತಾ? ಜ್ವರ ಬರಿಸುವುದು. ಎಂಜಿನ್ನಿನ ಶಾಖವನ್ನು ಹಡಗಿಗೆಲ್ಲ ಹರಿಸಿ ವೈರಸ್ ಸುಟ್ಟರು. ಒಳಗಿದ್ದ ಜನ ಬೆವರಿ ಬೆಂದರು.

ನಮ್ಮ ರೂಮಿನಲ್ಲಿ ಎಸಿ ನಿಂತರೆ ಎಲ್ಲರೂ ಓಡುತ್ತೇವೆ. ಹಾಗಾಗಿ ಆ ದೃಶ್ಯ ಬಂದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ, ರಿಮೋಟ್ ಹಿಡಿದಿದ್ದೂ ಮರೆಯುತ್ತದೆ. ಹೆಂಡತಿ ನಗುತ್ತಾಳೆ. ಟಿಫಿನ್ ಡಬ್ಬಿಯನ್ನು ಸರ್ವರ್ ರೂಮಿನೊಳಗೆ ಒಯ್ಯಬೇಡಿ ಎಂದು ಹುಡುಗರಿಗೆ ಹೇಳಿದರೆ ಅವರೂ ನಗುತ್ತಾರೆ.