ಖಾಲಿ ಮನೆಗೂ ದಿನದ ಖರ್ಚಿದೆ

ಹೋದ ತಿಂಗಳು ಅಣ್ಣತಮ್ಮಂದಿರಿಬ್ಬರು ಒಂದು ನೋಟ್‌ಬುಕ್ ಹಿಡಿದುಕೊಂಡು ಬಂದರು. ಹಳೆ ಮನೆ ಕೊಂಡು, ರಿಪೇರಿ ಮಾಡಿಸಿ ಮಾರುವ ಕೆಲಸಕ್ಕೆ ಇಳಿಯುತ್ತಿದ್ದಾರೆ. ಮನೆ ನೋಡಿಟ್ಟಿದ್ದಾರೆ, ಮುಂಗಡ ಇನ್ನೂ ಕೊಟ್ಟಿಲ್ಲ. ನೋಟ್‌ಬುಕ್ಕಿನಲ್ಲಿ ದುಂಡಗಿನ ಅಕ್ಷರದಲ್ಲಿ ಮೂರು ಸಾಲು. ಕೊಳ್ಳುವುದು 100, ರಿಪೇರಿ 20, ಮಾರುವುದು 150. ಕೆಳಗೆ ಎರಡು ಗೆರೆ ಎಳೆದು, ಲಾಭ 30. (ಅವರ ಮೊತ್ತಗಳನ್ನು ನಾನು 100ರ ಲೆಕ್ಕಕ್ಕೆ ಇಳಿಸಿ ಬರೆಯುತ್ತಿದ್ದೇನೆ. ಯಾವ ಹಣದಲ್ಲಿ ಬೇಕಾದರೂ ಓದಿಕೊಳ್ಳಿ.)

ಇಂಥ ಲೆಕ್ಕ ನೋಡಿಕೊಡುವುದೇ ನನ್ನ ಕೆಲಸ. ಬರುವವರು ದಡ್ಡರಲ್ಲ. ಗೋಡೆ ಮೇಲೆ ಕೈಯಿಟ್ಟು ತೇವ ಎಲ್ಲಿಂದ ಬರುತ್ತಿದೆ ಅಂತ ಹೇಳಬಲ್ಲವರು ಇದ್ದಾರೆ. ಆದರೆ ಹತ್ತರಲ್ಲಿ ಎಂಟು ಜನ ಇದೇ ಮೂರು ಸಾಲು ತರುತ್ತಾರೆ. ನಾಲ್ಕನೇ ಸಾಲು ಇರುವುದೇ ಇಲ್ಲ. ಅದು ದಿನಗಳ ಸಾಲು.

"ಎಷ್ಟು ದಿನ ಆಗುತ್ತೆ?" ಅಂತ ಕೇಳಿದೆ. "ಬೇಗ ಆಗುತ್ತೆ ಸಾರ್" ಅಂದರು ಅಣ್ಣ. ತಮ್ಮ ಅಣ್ಣನ ಮುಖ ನೋಡಿದ.

ಪೆನ್ ತೆಗೆದುಕೊಂಡು ಅವರ ಎದುರಿಗೇ ಬರೆದೆ. ನಿಮ್ಮ ಕೈಯಿಂದ 25, ಸಾಲ 75. ಸಾಲ ಕೊಡುವವರ ಫೀ ನೂರಕ್ಕೆ 2 ಅಂದರೆ 1.5. ರಿಜಿಸ್ಟ್ರೇಷನ್, ವಕೀಲರ ಖರ್ಚು ಸೇರಿ 5. ಮಾರುವಾಗ ಬ್ರೋಕರ್ ಕಮಿಷನ್, ಕಾಗದಪತ್ರ ಎಲ್ಲ ಸೇರಿ ನೂರಕ್ಕೆ 7 ಹಿಡಿದರೆ, 150ಕ್ಕೆ 10.5. ಈ ದರಗಳು ಊರಿಂದ ಊರಿಗೆ ಬೇರೆ, ನಿಮ್ಮದನ್ನು ನೀವು ವಿಚಾರಿಸಿಯೇ ಹಾಕಿಕೊಳ್ಳಬೇಕು. ಇಷ್ಟಕ್ಕೇ 17 ಹೋಯಿತು. 30 ಇದ್ದದ್ದು 13 ಆಯಿತು. ಇನ್ನೂ ಒಂದು ದಿನವೂ ಕಳೆದಿಲ್ಲ.

ಈಗ ದಿನ. 75ಕ್ಕೆ ವರ್ಷಕ್ಕೆ ನೂರಕ್ಕೆ 12ರ ಬಡ್ಡಿ ಅಂದರೆ ತಿಂಗಳಿಗೆ 0.75. ತೆರಿಗೆ, ವಿಮೆ, ಕರೆಂಟು, ನೀರು, ಕಾವಲು ಸೇರಿ 0.25. ತಿಂಗಳಿಗೆ ಸರಿಯಾಗಿ 1. ನಾಲ್ಕು ತಿಂಗಳಲ್ಲಿ ಮುಗಿದರೆ ಉಳಿಯುವುದು 9. ಹತ್ತು ತಿಂಗಳು ಎಳೆದರೆ 3. ಜೊತೆಗೆ ರಿಪೇರಿ 20 ಇದ್ದದ್ದು 24 ಆದರೆ ಕೈಯಿಂದಲೇ 1 ಹೋಯಿತು. ಮನೆ ಅಂದುಕೊಂಡ ಬೆಲೆಗೇ ಮಾರಿದೆ, ಯಾರೂ ಮೋಸ ಮಾಡಿಲ್ಲ, ಆದರೂ ನಷ್ಟ. ಹಳೆ ಗೋಡೆ ಒಡೆದಾಗ ಒಳಗೆ ಏನಿದೆಯೋ ಯಾರಿಗೆ ಗೊತ್ತು? ಅದಕ್ಕೇ ರಿಪೇರಿ ಮೊತ್ತದ ಮೇಲೆ ನೂರಕ್ಕೆ 10ರಿಂದ 15 ಎತ್ತಿಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಜನ ದಿನ ಎಣಿಸುವುದೂ ತಪ್ಪಾಗಿಯೇ. ಕೆಲಸ ಶುರುವಾದ ದಿನದಿಂದ ಎಣಿಸುತ್ತಾರೆ, ಬಣ್ಣ ಒಣಗಿದ ದಿನಕ್ಕೆ ನಿಲ್ಲಿಸುತ್ತಾರೆ. ಬಡ್ಡಿ ಹಾಗಲ್ಲ. ಹಣ ಕೈಗೆ ಬಂದ ದಿನ ಶುರು, ಸಾಲ ತೀರಿದ ದಿನ ಮುಗಿಯಿತು. ಕಂಟ್ರಾಕ್ಟರ್ ಸಿಗುವ ತನಕ ಮನೆ ಸುಮ್ನೆ ಬೀಗ ಹಾಕಿಕೊಂಡಿದ್ದ ಮೂರು ವಾರಕ್ಕೂ ಬಡ್ಡಿ ಇದೆ. ಕೊಳ್ಳುವವರು "ಸರಿ" ಅಂದ ಮೇಲೆ ಅವರ ಬ್ಯಾಂಕು ಸಾಲ ಮಂಜೂರು ಮಾಡುವ ಒಂದೆರಡು ತಿಂಗಳಿಗೂ ಇದೆ. ಆ ಕೊನೆಯ ಒಂದೆರಡು ತಿಂಗಳನ್ನು ಹೆಚ್ಚುಕಡಿಮೆ ಎಲ್ಲರೂ ಮರೆಯುತ್ತಾರೆ. ಆರು ತಿಂಗಳ ಸಾಲ ತೆಗೆದುಕೊಂಡು ಏಳನೇ ತಿಂಗಳಿಗೆ ಕಾಲಿಟ್ಟರೆ ಅವಧಿ ವಿಸ್ತರಿಸುವ ಫೀ ಬೇರೆ.

ಒಮ್ಮೆ ಒಬ್ಬರ ಮನೆ ನೋಡಲು ಹೋಗಿದ್ದೆ. ಎಲ್ಲ ಮುಗಿದಿತ್ತು, ಅಡುಗೆಮನೆ ಒಂದು ಬಿಟ್ಟು. ಹೊಸ ಸಿಂಕ್ ಪ್ಲಾಸ್ಟಿಕ್ ಹೊದಿಕೆ ಸಮೇತ ಗೋಡೆಗೆ ಒರಗಿ ನಿಂತಿತ್ತು. ಟೈಲ್ಸ್ ಬಂದಿರಲಿಲ್ಲ. ಟೈಲ್ಸ್ ಕೂರದೆ ಪ್ಲಂಬರ್ ಸಿಂಕ್ ಕೂರಿಸುವಂತಿಲ್ಲ, ಸಿಂಕ್ ಕೂರದೆ ಮನೆ ತೋರಿಸುವಂತಿಲ್ಲ. ಕಡಿಮೆ ಬೆಲೆಗೆ ಸಿಗುತ್ತೆ ಅಂತ ದೂರದಿಂದ ತರಿಸಿದ್ದರು. ಬಂದದ್ದು ಬೇರೆ ಬಣ್ಣ, ವಾಪಸ್ ಕಳಿಸಿದ್ದರು. ಇಪ್ಪತ್ತು ದಿನ ಹೋಯಿತು. ಟೈಲ್ಸಿನಲ್ಲಿ ಉಳಿದ ದುಡ್ಡಿಗಿಂತ ಆ ಇಪ್ಪತ್ತು ದಿನದ ಬಡ್ಡಿಯೇ ಜಾಸ್ತಿ. ಅವರು ಕಷ್ಟಪಟ್ಟು ದುಡಿಯುವ ಮನುಷ್ಯ. ಆ ಲೆಕ್ಕ ಅವರಿಗೆ ಹೇಳುವಾಗ ನನಗೇ ಬೇಜಾರಾಯಿತು.

ಸಾಲದ ವಿಷಯದಲ್ಲಿ ಇನ್ನೊಂದು ಮಾತು. ರಿಪೇರಿ ಹಣವನ್ನು ಸಾಲ ಕೊಡುವವರು ಸಾಮಾನ್ಯವಾಗಿ ಒಟ್ಟಿಗೆ ಕೊಡುವುದಿಲ್ಲ. ಒಂದು ಹಂತದ ಕೆಲಸ ಮುಗಿದ ಮೇಲೆ ಅವರ ಕಡೆಯವರು ಬಂದು ನೋಡಿ, ಆಮೇಲೆ ಆ ಹಂತದ ದುಡ್ಡು ಬಿಡುತ್ತಾರೆ. ಅಂದರೆ ಮೊದಲ ಹಂತ ನಿಮ್ಮ ಜೇಬಿನಿಂದಲೇ ಆಗಬೇಕು. ಜೇಬು ಖಾಲಿಯಾದರೆ ಕೆಲಸ ನಿಲ್ಲುತ್ತದೆ, ಕೆಲಸ ನಿಂತರೆ ಆಳುಗಳು ಬೇರೆ ಮನೆಗೆ ಹೋಗುತ್ತಾರೆ. ಸಹಿ ಹಾಕುವ ಮೊದಲು ಇನ್ನೊಂದನ್ನೂ ಕೇಳಿ. ಬಡ್ಡಿ ಮಂಜೂರಾದ ಪೂರ್ತಿ ಮೊತ್ತಕ್ಕೋ, ಕೈಗೆ ಬಂದಷ್ಟಕ್ಕೆ ಮಾತ್ರವೋ? ಎರಡೂ ಥರ ಇದೆ. ಕಾಗದ ಓದದೆ ಯಾವುದು ಅಂತ ನಾನೂ ಹೇಳಲಾರೆ. ಮಾರಿದ ಲಾಭದ ಮೇಲಿನ ತೆರಿಗೆಯೂ ಅಷ್ಟೇ. ಬೇಗ ಮಾರಿದ ಲಾಭಕ್ಕೆ ತೆರಿಗೆ ಜಾಸ್ತಿ ಹಾಕುವ ದೇಶಗಳಿವೆ, ಮೊದಲೇ ಕೇಳಿಕೊಳ್ಳಿ.

ಅಮೆರಿಕದಲ್ಲಿ ಈ ಕೆಲಸ ಮಾಡುವವರು 70ರ ನಿಯಮ ಅಂತ ಹೇಳುತ್ತಾರೆ. ರಿಪೇರಿ ಆದ ಮೇಲೆ ಮನೆಗೆ ಬರುವ ಬೆಲೆಯಲ್ಲಿ ನೂರಕ್ಕೆ 70 ತೆಗೆದುಕೊಳ್ಳಿ, ಅದರಿಂದ ರಿಪೇರಿ ಖರ್ಚು ಕಳೆಯಿರಿ, ಅದಕ್ಕಿಂತ ಜಾಸ್ತಿ ಕೊಟ್ಟು ಕೊಳ್ಳಬೇಡಿ. ಅಣ್ಣತಮ್ಮಂದಿರ ಮನೆಗೆ ಹಾಕಿದರೆ 105ರಲ್ಲಿ 20 ಹೋಗಿ 85. ಅವರು ಕೊಡಲು ಹೊರಟದ್ದು 100. ಈ ನಿಯಮ ಜರಡಿ ಇದ್ದ ಹಾಗೆ, ಕೆಟ್ಟ ಮನೆಗಳನ್ನು ಬೇಗ ಪಕ್ಕಕ್ಕಿಡಲು ಒಳ್ಳೆಯದು. ಆದರೆ ಅದರಲ್ಲೂ ದಿನಗಳ ಸಾಲಿಲ್ಲ. ನಾಲ್ಕು ತಿಂಗಳ ಮನೆಗೂ ಹದಿನಾಲ್ಕು ತಿಂಗಳ ಮನೆಗೂ ಅದೇ 70.

ದೊಡ್ಡವರಿಗೂ ಇದು ಆಗಿದೆ. ಮನೆ ಮಾರಾಟದ ವೆಬ್‌ಸೈಟ್ ನಡೆಸುವ ಅಮೆರಿಕದ ಜಿಲೋ ಕಂಪನಿ 2018ರಿಂದ ತಾನೇ ಮನೆ ಕೊಂಡು, ಸರಿಮಾಡಿಸಿ ಮಾರುತ್ತಿತ್ತು. 2021ರ ಅಕ್ಟೋಬರ್‌ನಲ್ಲಿ, ರಿಪೇರಿ ಕೆಲಸ ಬಾಕಿ ಬಿದ್ದಿದೆ, ಜನ ಸಾಲುತ್ತಿಲ್ಲ ಅಂತ ಹೊಸ ಖರೀದಿ ನಿಲ್ಲಿಸಿತು. ನವೆಂಬರ್‌ನಲ್ಲಿ ಆ ವಿಭಾಗವನ್ನೇ ಮುಚ್ಚುವುದಾಗಿ ಹೇಳಿತು. ಕೈಯಲ್ಲಿದ್ದ ಮನೆಗಳ ಬೆಲೆಯಲ್ಲಿ 30 ಕೋಟಿ ಡಾಲರ್‌ಗೂ ಮೇಲೆ ನಷ್ಟ ಬರೆದುಕೊಂಡಿತು. ಮುಂದಿನ ತಿಂಗಳುಗಳಲ್ಲಿ ಬೆಲೆ ಎಷ್ಟಿರುತ್ತದೆ ಅಂತ ಊಹಿಸಲು ಆಗಲಿಲ್ಲ ಅಂತ ಅವರೇ ಒಪ್ಪಿಕೊಂಡರು. ಮನೆ ಕೈಯಲ್ಲಿದ್ದಷ್ಟು ದಿನವೂ ಆ ಊಹೆಯ ಮೇಲೇ ಕೂತಿರಬೇಕು, ಅಲ್ವಾ?

ನನ್ನ ಹತ್ತಿರ ಬರುವವರಲ್ಲಿ ಒಬ್ಬರು ಟೀಚರ್ ಇದ್ದಾರೆ. ನಿವೃತ್ತಿಯಾದ ಮೇಲೆ ಈ ಕೆಲಸ ಶುರುಮಾಡಿದವರು. ಕೊಳ್ಳುವ ಮೊದಲೇ ಮನೆ ನೋಡಲು ಹೋದಾಗ ಅಳತೆ ತಂದಿರುತ್ತಾರೆ. ಕಾಗದಕ್ಕೆ ಸಹಿ ಬಿದ್ದ ಸಂಜೆಯೇ ಬಾಗಿಲು, ಟೈಲ್ಸ್, ನಲ್ಲಿಗಳಿಗೆ ಆರ್ಡರ್ ಹೋಗುತ್ತದೆ. ಅಡುಗೆಮನೆ ಗೋಡೆಗೆ ಒಂದು ಕ್ಯಾಲೆಂಡರ್ ಮೊಳೆ ಹೊಡೆದು ಹಾಕುತ್ತಾರೆ. ದಿನಾ ಸಂಜೆ ಕೆಂಪು ಪೆನ್ನಲ್ಲಿ ಆ ತಾರೀಖು ಹೊಡೆದು, ಅಲ್ಲಿಯ ತನಕ ಆದ ಬಡ್ಡಿ ಬರೆಯುತ್ತಾರೆ. ಬಣ್ಣ ಹೊಡೆಯುವ ಹುಡುಗ ಒಮ್ಮೆ "ಇದೇನಮ್ಮ?" ಅಂತ ಕೇಳಿದನಂತೆ. ಕೂರಿಸಿ ಹೇಳಿದರಂತೆ. ಮರುದಿನ ಆ ಹುಡುಗನೇ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ, "ನಿಂದು ಮುಗಿಸಿ ಕೊಡಪ್ಪ, ಅಮ್ಮಂಗೆ ಬಡ್ಡಿ ಬೀಳ್ತಾ ಇದೆ" ಅಂದನಂತೆ.

ಈ ಕಥೆ ಅಣ್ಣತಮ್ಮಂದಿರಿಗೂ ಹೇಳಿ ಕಳಿಸಿದ್ದೆ. ನಿನ್ನೆ ಅಣ್ಣ ಫೋನ್ ಮಾಡಿದರು. ಮಾರುವವರು 92ಕ್ಕೆ ಇಳಿದಿದ್ದಾರಂತೆ. ನಾನು ಬೆಲೆಯ ಮಾತೆತ್ತಲಿಲ್ಲ, ದಿನ ಎಷ್ಟು ಹಿಡಿದಿದ್ದೀರಿ ಅಂತ ಕೇಳಿದೆ. ಹಿಂದಿನಿಂದ ತಮ್ಮನ ದನಿ ಕೇಳಿಸಿತು: "210 ಸಾರ್, ಕೊಳ್ಳುವವರ ಬ್ಯಾಂಕಿನ ದಿನವೂ ಸೇರಿ." ನೋಟ್‌ಬುಕ್ ತನ್ನಿ, ಕೂತು ನೋಡೋಣ ಅಂದೆ.